ಅತ್ತೆ ಹರಿಗೋಲು ಹತ್ತಿದ ರವಿವಾರ

ಹುಣಸಗಿಯಲ್ಲಿ ಬಸ್ಸಿಳಿದು ಟಂಟಂ ಆಟೋ ಹತ್ತಿದರೆ ಕೃಷ್ಣೆಯ ಹಿನ್ನೀರಿನ ದಂಡೆಯ ಮೇಲೊಂದು ಊರು ಸಿಗುತ್ತದೆ. ಅಲ್ಲಿಯ ಶಾಲೆಗೆ ನಾನು ಟೀಚರಾಗಿ ಹೋದಾಗ ನನ್ನ ಮದುವೆಯಾಗಿ ಎರಡು ವರ್ಷ. ಗಂಡನ ಮನೆ ಶಹಾಪುರದಲ್ಲಿ, ಅವರಿಗೆ ಅಲ್ಲೇ ಬೀಜ-ಗೊಬ್ಬರದ ಅಂಗಡಿ. ದಿನಾ ಹೋಗಿಬರುವುದು ಆಗದ ಮಾತಾದ್ದರಿಂದ ಶಾಲೆಯ ಊರಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಶನಿವಾರ ಮಧ್ಯಾಹ್ನ ಶಹಾಪುರದ ಬಸ್ಸು, ಸೋಮವಾರ ಬೆಳಿಗ್ಗೆ ವಾಪಸ್ಸು. ಇದು ಅತ್ತೆ ಹಾಕಿಕೊಟ್ಟ ಕ್ರಮ.

ಕೋಣೆ ಕೊಟ್ಟವರು ಮೀನು ಹಿಡಿಯುವ ಗಂಡ-ಹೆಂಡತಿ. ಇಬ್ಬರಿಗೂ ಅರವತ್ತು ದಾಟಿತ್ತು. ನಾನು ಅವರನ್ನು ದೊಡ್ಡವ್ವ, ದೊಡ್ಡಪ್ಪ ಎನ್ನುತ್ತಿದ್ದೆ. ಅವರಿಗೆ ನಾನು ಊರವರಿಗೆಲ್ಲ ಇದ್ದಂತೆ ‘ಅಕ್ಕೋರು’, ಅಂದರೆ ಟೀಚರಮ್ಮ. ನಮ್ಮದು ಲಿಂಗಪೂಜೆಯ ಮನೆ, ಕೋಳಿತತ್ತಿ ಕೂಡ ಹೊಸ್ತಿಲು ದಾಟುವುದಿಲ್ಲ. ಕೋಣೆ ನೋಡಲು ಹೋದ ದಿನವೇ ಇದನ್ನು ಹೇಳಿಬಿಟ್ಟೆ.

“ನಿಮ್ಮ ಬಾಗಿಲಾ ಬ್ಯಾರೆ, ನಮ್ಮ ಒಲಿ ಬ್ಯಾರೆ” ಎಂದಳು ದೊಡ್ಡವ್ವ. “ವಾಸನಿ ಮಾತ್ರ ಗಾಳಿ ಮಾತ ಕೇಳ್ತದ, ನನ್ನ ಮಾತ ಕೇಳಂಗಿಲ್ರಿ.”

ಮೊದಲ ವರ್ಷ ನಾನು ದಂಡೆಯ ಮೇಲಿಂದ ನೋಡಿದ್ದಷ್ಟೇ. ಸೂರ್ಯ ಹುಟ್ಟುವ ಹೊತ್ತಿಗೆ ಇಬ್ಬರೂ ಹರಿಗೋಲಿನಲ್ಲಿ ಹೊರಡುತ್ತಿದ್ದರು. ದೊಡ್ಡಪ್ಪ ಹುಟ್ಟು ಹಾಕುತ್ತಿದ್ದ, ದೊಡ್ಡವ್ವ ಗಾಳ ಬಿಡುತ್ತಿದ್ದಳು. ಬಲೆ ಹಾಕುವವರು ಊರಲ್ಲಿ ಬಹಳ ಮಂದಿ ಇದ್ದರು. ಜೀವಂತ ಸಣ್ಣ ಮೀನನ್ನು ಗಾಳಕ್ಕೆ ಚುಚ್ಚಿ ದೊಡ್ಡ ಬಾಳೆ ಮೀನು ಹಿಡಿಯುವವರು ಇವರಿಬ್ಬರೇ.

ಎರಡನೆಯ ವರ್ಷ ದೀಪಾವಳಿ ಕಳೆದ ಮೇಲೆ ದೊಡ್ಡಪ್ಪನ ಕಣ್ಣಿಗೆ ಆಪರೇಷನ್ ಆಯಿತು. ಡಾಕ್ಟರು ಕರಿ ಕನ್ನಡಕ ಕೊಟ್ಟು, ನಲವತ್ತು ದಿನ ಕಣ್ಣಿಗೆ ನೀರು ಸಿಡಿಯಬಾರದು ಎಂದರು. ದೊಡ್ಡವ್ವ ನಾಲ್ಕು ದಿನ ಒಬ್ಬಳೇ ಹೋಗಿ ಬಂದಳು. ಹುಟ್ಟು ಹಾಕಿದರೆ ದಾರ ಸಡಿಲಾಗುತ್ತಿತ್ತು, ದಾರ ಹಿಡಿದರೆ ಹರಿಗೋಲು ತನ್ನ ಪಾಡಿಗೆ ಹೊರಡುತ್ತಿತ್ತು. ಐದನೆಯ ದಿನ ಕಟ್ಟೆಯ ಮೇಲೆ ಸಪ್ಪಗೆ ಕುಳಿತಿದ್ದಳು.

“ನಾ ಹುಟ್ಟ ಹಾಕಲೇನ, ದೊಡ್ಡವ್ವ?” ಎಂದೆ. ಯಾಕೆ ಅಂದೆನೋ ಗೊತ್ತಿಲ್ಲ. ಒಂದು ವರ್ಷ ಸುಮ್ಮನೆ ನೋಡಿದ್ದರಿಂದ ಹುಟ್ಟಿದ ಆಸೆ ಇರಬೇಕು.

ಆಕೆ ನನ್ನ ಕೈ ಹಿಡಿದು, ಅಂಗೈ ತಿರುವಿ ನೋಡಿದಳು. “ಚಾಕಪೀಸ್ ಹಿಡಿಯೂ ಕೈ. ನೋಡೂಣು ಬರ್ರಿ.”

ಹರಿಗೋಲು ಗುಂಡಗಿರುತ್ತದೆ, ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ಮೊದಲ ದಿನ ನಾನು ಎಷ್ಟು ಹುಟ್ಟು ಹಾಕಿದರೂ ಅದು ಇದ್ದಲ್ಲೇ ಬುಗುರಿಯಂತೆ ತಿರುಗಿತು. ದಂಡೆಯ ಮೇಲೆ ಕರಿ ಕನ್ನಡಕ ಹಾಕಿಕೊಂಡು ಕುಳಿತ ದೊಡ್ಡಪ್ಪ, “ಅಕ್ಕೋರ, ಬಾಜೂಕ ಹಾಕಬ್ಯಾಡ್ರಿ, ಎದುರಿನ ನೀರ ತಮ್ಮ ಕಡಿ ಎಳಕೋರಿ” ಎಂದು ಕೂಗುತ್ತಿದ್ದ. ಅವನಿಗೆ ನಾನು ಕಾಣುತ್ತಿರಲಿಲ್ಲ, ಹುಟ್ಟಿನ ಸಪ್ಪಳದಿಂದಲೇ ತಪ್ಪು ಹಿಡಿಯುತ್ತಿದ್ದ. ಮೂರನೆಯ ದಿನ ಹರಿಗೋಲು ನನ್ನ ಮಾತು ಕೇಳತೊಡಗಿತು.

ನೀರಲ್ಲಿ ಮುಳುಗಿ ಒಣಗಿದ ಜಾಲಿಗಿಡಗಳ ತುದಿ ಮಾತ್ರ ಮೇಲೆ ಕಾಣುವ ಜಾಗವೊಂದಿತ್ತು. ಬಾಳೆ ಮೀನುಗಳು ಅಲ್ಲಿ ಅಡಗಿರುತ್ತವೆ. ದೊಡ್ಡವ್ವ ದಂಡೆಯ ಆಳವಿಲ್ಲದ ನೀರಲ್ಲಿ ಹಳೆಯ ಸೀರೆ ಹಿಡಿದು ಬೆರಳುದ್ದದ ಮೀನುಗಳನ್ನು ಕೊಡಕ್ಕೆ ತುಂಬಿಕೊಂಡಿರುತ್ತಿದ್ದಳು. ಕೊಡದ ನೀರು ಬಿಸಿಯಾಗದಂತೆ ಆಗಾಗ ಬದಲಿಸುವುದು ನನ್ನ ಕೆಲಸ. ಕೈ ಒದ್ದೆ ಮಾಡಿಕೊಳ್ಳದೆ ಮೀನು ಮುಟ್ಟಬಾರದು. ಬೆನ್ನಿನ ರೆಕ್ಕೆಯ ಕೆಳಗೆ, ಚರ್ಮದ ಅಂಚಿಗಷ್ಟೇ ಗಾಳ ಚುಚ್ಚಬೇಕು, ಆಗ ಅದು ಈಸಾಡುತ್ತಿರುತ್ತದೆ. ಹಳೆಯ ಚಪ್ಪಲಿಯ ರಬ್ಬರು ಕೊಯ್ದು ದಾರಕ್ಕೆ ಕಟ್ಟಿದ ಬೆಂಡು ನೀರಿನ ಮೇಲೆ ತೇಲುತ್ತದೆ, ಮೀನು ಕಚ್ಚಿದರೆ ಮುಳುಗುತ್ತದೆ. ಚುಚ್ಚುವುದು ನನ್ನಿಂದ ಕೊನೆಯವರೆಗೂ ಆಗಲಿಲ್ಲ. ಆ ಹೊತ್ತಿಗೆ ಮುಖ ತಿರುಗಿಸುತ್ತಿದ್ದೆ. ದೊಡ್ಡವ್ವ ತಾನೇ ಚುಚ್ಚುತ್ತಿದ್ದಳು.

“ಬೆಂಡ ಮುಳಗಿದ ಕೂಡಲೇ ಎಳೀಬಾರದು” ಎಂದು ಕಲಿಸಿದಳು. “ದೊಡ್ಡ ಮೀನ ಮದಲ ಅಡ್ಡ ಹಿಡೀತದ. ಆಮ್ಯಾಲ ತಿರುವಿ ತಲಿ ಕಡಿಂದ ನುಂಗತದ. ಅಲ್ಲೀತನ ಉಸರ ಬಿಗಿ ಹಿಡಕೊಂಡ ಕುಂದರಬೇಕು. ಅವಸರ ಮಾಡಿದವರಿಗೆ ಬರೇ ಗಾಳ ವಾಪಸ್ ಬರ್ತದ.”

ಶಾಲೆಯ ದಿನಗಳಲ್ಲಿ ಎಂಟಕ್ಕೆಲ್ಲ ದಂಡೆಗೆ ಮರಳಿ, ಸ್ನಾನ ಮಾಡಿ ಪ್ರಾರ್ಥನೆಯ ಹೊತ್ತಿಗೆ ಶಾಲೆಯಲ್ಲಿರುತ್ತಿದ್ದೆ. ರವಿವಾರ ಬಂದರೆ ದೊಡ್ಡವ್ವ ಮತ್ತೆ ಒಬ್ಬಳೇ. ಎರಡು ಶನಿವಾರ ನಾನು ಶಹಾಪುರಕ್ಕೆ ಹೋಗಲಿಲ್ಲ. ಶಾಲೆಯ ಕೆಲಸ ಇದೆ ಎಂದು ಮನೆಗೆ ಸುಳ್ಳು ಹೇಳಿದೆ. ಆ ಎರಡನೆಯ ರವಿವಾರವೇ ತೊಡೆಯುದ್ದದ ಬಾಳೆ ಮೀನು ಬಿತ್ತು. ಅದನ್ನು ದೊಡ್ಡವ್ವ ಎತ್ತಿ ಹಿಡಿದಾಗ ಅವಳ ಪಕ್ಕ ನಿಂತು ಫೋಟೋ ತೆಗೆದುಕೊಂಡೆ. ಹಲ್ಲೆಲ್ಲ ಕಾಣುವಂತೆ ನಕ್ಕಿದ್ದೆ. ಗೆಳತಿಗೆ ಕಳಿಸಲು ಹೋಗಿ ಮನೆಯವರ ವಾಟ್ಸ್ಯಾಪ್ ಗುಂಪಿಗೆ ಕಳಿಸಿಬಿಟ್ಟೆ. ಅಳಿಸುವಷ್ಟರಲ್ಲಿ ನಾದಿನಿ, ಮೈದುನ, ಗಂಡ ಎಲ್ಲರೂ ನೋಡಿದ್ದರು. ಅತ್ತೆಯೂ ನೋಡಿದ್ದರು. ರಾತ್ರಿ ಗಂಡ ಫೋನು ಮಾಡಿ, “ಅವ್ವ ಗಪ್ ಆಗ್ಯಾಳ” ಎಂದಷ್ಟೇ ಹೇಳಿದರು.

ಮುಂದಿನ ಶನಿವಾರ ಮನೆಗೆ ಹೋಗಿ ಬೈಸಿಕೊಳ್ಳುವ ಧೈರ್ಯ ಬರಲಿಲ್ಲ. ರವಿವಾರ ಬೆಳಿಗ್ಗೆ ನಾವು ಜಾಲಿಗಿಡಗಳ ನಡುವೆ ಇದ್ದಾಗ ದಂಡೆಯಿಂದ ದೊಡ್ಡಪ್ಪ ಕೂಗಿದ: “ಅಕ್ಕೋರ, ಶಾಪೂರದವರು ಬಂದಾರ.”

ನೋಡಿದರೆ ಹಸಿರು ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ, ಕಂಕುಳಲ್ಲಿ ರೊಟ್ಟಿಯ ಗಂಟು. ಅತ್ತೆ. ಮೊದಲ ಬಸ್ಸಿಗೇ ಹೊರಟು ಬಂದಿದ್ದರು. ನಾನು ಹುಟ್ಟನ್ನು ಪಕ್ಕಕ್ಕೆ ಹಾಕಿಬಿಟ್ಟೆ, ಹರಿಗೋಲು ಮತ್ತೆ ಮೊದಲ ದಿನದಂತೆ ತಿರುಗಿತು. ದೊಡ್ಡವ್ವ ಹುಟ್ಟು ಇಸಿದುಕೊಂಡು ದಂಡೆಗೆ ತಂದಳು.

“ಶಾಲಿ ಕೆಲಸ ಇದೇನು?” ಎಂದರು ಅತ್ತೆ.

“ತಪ್ಪಾತ್ರಿ ಅತ್ತಿ. ಸುಳ್ಳ ಹೇಳಬಾರದಿತ್ತು.”

“ಮೀನ ತಿಂತಿಯೇನು?”

“ಇಲ್ರಿ. ಹುಟ್ಟ ಅಷ್ಟ ಹಾಕ್ತೀನಿ.”

ದೊಡ್ಡವ್ವ ನಡುವೆ ಬಂದಳು. “ನನ್ನ ಸಲುವಾಗಿ ಬಂದಾರ್ರಿ ಅವರು. ನಮ್ಮವರ ಕಣ್ಣ ನೆಟ್ಟಗಾಗೂತನ.”

ಅತ್ತೆ ಕೊಡದೊಳಗೆ ಇಣುಕಿದರು. ಸಣ್ಣ ಮೀನುಗಳು ಸುತ್ತುತ್ತಿದ್ದವು. “ಇವಕ್ಕ ನೋವಾಗಂಗಿಲ್ಲೇನವಾ?”

“ಆಗ್ತದ್ರಿ” ಎಂದಳು ದೊಡ್ಡವ್ವ. “ಇಲ್ಲ ಅಂದ್ರ ಸುಳ್ಳಾಗ್ತದ. ಬೇಕಾದಷ್ಟ ಹಿಡೀತೀವಿ, ಉಳದದ್ದ ಹೊಳಿಗೇ ಬಿಡ್ತೀವಿ.”

ಅತ್ತೆ ಕೊಡದಿಂದ ತಲೆ ಎತ್ತಿದರು. ಆ ಉತ್ತರ ಅವರಿಗೆ ಹಿಡಿಸಿತೆಂದು ನನಗನಿಸಿತು. ಈಗ ಅವರು ನೋಡುತ್ತಿದ್ದುದು ಮೀನುಗಳನ್ನಲ್ಲ, ಹರಿಗೋಲನ್ನು. ಅತ್ತೆ ಕೆಂಭಾವಿಯಲ್ಲಿ ಹುಟ್ಟಿ ಶಹಾಪುರಕ್ಕೆ ಬಂದವರು. ಹೊಳೆಯನ್ನು ಸೇತುವೆಯ ಮೇಲಿಂದ, ಬಸ್ಸಿನ ಕಿಟಕಿಯಲ್ಲಿ ಬಿಟ್ಟರೆ ಕಂಡವರಲ್ಲ.

“ಇದು ಮುಳಗಂಗಿಲ್ಲಲ್ಲ?” ಎಂದರು.

“ನಲವತ್ತ ವರ್ಷಾತ್ರಿ, ಇನ್ನೂ ಮುಳಗಿಲ್ಲ. ಬರ್ರಿ, ಒಂದ ಸುತ್ತ ಹಾಕೂಣು.”

ಅತ್ತೆ ಗಂಟನ್ನು ದೊಡ್ಡಪ್ಪನ ಕೈಗೆ ಕೊಟ್ಟರು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ನನ್ನ ಹೆಗಲು ಹಿಡಿದು ಹತ್ತಿ, ಗೋಣಿಚೀಲದ ಮೇಲೆ ಕುಳಿತರು. ನಾನು ಹತ್ತು ಹುಟ್ಟು ಹಾಕುವವರೆಗೆ ಕಣ್ಣು ಮುಚ್ಚಿಕೊಂಡೇ ಇದ್ದರು. ಆಮೇಲೆ ಒಂದು ಕಣ್ಣು ತೆರೆದರು. ಜಾಲಿಗಿಡಗಳ ಹತ್ತಿರ ಬಂದಾಗ ನೀರಿಗೆ ಕೈ ಬಿಟ್ಟು, “ಥಣ್ಣಗದ” ಎಂದರು.

ದೊಡ್ಡವ್ವ ಅಲ್ಲಿ ಎರಡು ಗಾಳ ಬಿಟ್ಟು, ಒಂದರ ದಾರವನ್ನು ಜಾಲಿಯ ಮುಳ್ಳಿನಿಂದ ಬಿಡಿಸಲು ಬಗ್ಗಿದ್ದಳು. ಅಷ್ಟರಲ್ಲಿ ಅತ್ತೆಯ ಬಗಲಿಗಿದ್ದ ಇನ್ನೊಂದು ದಾರದ ಬೆಂಡು ಗುಳುಕ್ಕೆಂದು ಮಾಯವಾಯಿತು.

“ಅಕ್ಕಾರ, ಆ ದಾರ ಹಿಡೀರಿ” ಎಂದಳು ದೊಡ್ಡವ್ವ ಅತ್ತೆಗೆ, ತಲೆ ಎತ್ತದೆ. “ಎಳೀಬ್ಯಾಡ್ರಿ. ನಾ ಹೇಳೂತನ ತಡೀರಿ.”

ಅತ್ತೆ ಸೆರಗನ್ನು ಕೈಗೆ ಸುತ್ತಿಕೊಂಡು ದಾರ ಹಿಡಿದರು. “ಶಿವನ, ಶಿವನ, ಶಿವನ” ಎಂದು ಒಂದೇ ಸಮನೆ ಹೇಳತೊಡಗಿದರು. ದಾರ ನಿಧಾನಕ್ಕೆ ಹರಿಯುತ್ತಿತ್ತು, ನಿಂತಿತು, ಮತ್ತೆ ಹರಿಯಿತು.

“ಈಗ ಎಳೀರಿ.”

ಅತ್ತೆ ಎಳೆದದ್ದು ಬಾವಿಯಿಂದ ಕೊಡ ಎಳೆದ ಹಾಗೆ, ಒಂದು ಕೈಯ ಹಿಂದೆ ಒಂದು ಕೈ. ನಲವತ್ತು ವರ್ಷ ನೀರು ಸೇದಿದ ತೋಳು ಅದು, ಎಲ್ಲೂ ತಪ್ಪಲಿಲ್ಲ. ಹರಿಗೋಲು ವಾಲಿತು. ನಾನು ಎದುರು ಬದಿಗೆ ಭಾರ ಹಾಕಿ ಕುಳಿತೆ. ಉದ್ದ ಮೀಸೆಯ, ಅಗಲ ಬಾಯಿಯ ತಲೆಯೊಂದು ಮೇಲೆ ಬಂದಾಗ ದೊಡ್ಡವ್ವ ಜಿಗಿದು ಬಂದು ಒಳಗೆ ಎಳೆದುಕೊಂಡಳು. ಅತ್ತೆ ಕಾಲು ಮೇಲೆತ್ತಿ ಕುಳಿತು ಅದನ್ನೇ ನೋಡಿದರು.

“ಮೀಸಿ ಥೇಟ್ ನಿಮ್ಮ ಮಾವಂದ” ಎಂದರು.

ದೊಡ್ಡವ್ವನಿಗೆ ನಗು ತಡೆಯಲಾಗಲಿಲ್ಲ, ನನಗೂ. ಆಮೇಲೆ ಅತ್ತೆಯೂ ನಕ್ಕರು. ಮೂವರ ನಗೆಗೆ ಹರಿಗೋಲು ಅಲುಗಾಡುವುದನ್ನು ಕಂಡು ಅವರು ಗಕ್ಕನೆ ನಿಲ್ಲಿಸಿದರು.

ದಂಡೆಗೆ ಬಂದು ಕೈಕಾಲು ತೊಳೆದು, ಬೇವಿನ ಗಿಡದ ಕೆಳಗೆ ಕುಳಿತು ಅತ್ತೆ ತಂದಿದ್ದ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ ನಾಲ್ವರೂ ತಿಂದೆವು. ಅತ್ತೆ ನನಗೆ ಒಂದೇ ಮಾತು ಹೇಳಿದರು: “ಹೊಳಿಗೆ ಹೋಗ್ತೀನಿ ಅಂದ್ರ ನಾ ಬ್ಯಾಡ ಅಂತಿದ್ದೆ, ಖರೆ. ಆದ್ರೂ ಹೇಳಿ ಹೋಗು. ಏನಾರ ಆದ್ರ ಎಲ್ಲಿ ಹುಡುಕೂಣು?” ಆವತ್ತಿನಿಂದ ಅವರಿಗೆ ಸುಳ್ಳು ಹೇಳಿಲ್ಲ.

ಮನೆಗೆ ಹೋದ ಅತ್ತೆ ಮಗನೆದುರು ಹೇಳಿದ್ದು, ಹೊಳೆದಂಡೆಯ ಹವಾ ಚಲೋ ಅದ ಎಂದಷ್ಟೇ. ದೊಡ್ಡಪ್ಪನ ಕಣ್ಣು ನೆಟ್ಟಗಾಗಿ ಹುಟ್ಟು ಅವನ ಕೈಗೆ ಮರಳಿತು. ನಾನು ಮೂರನೆಯವಳಾಗಿ ಕೊಡದ ನೀರು ಬದಲಿಸುತ್ತ ಇನ್ನೂ ಎರಡು ವರ್ಷ ಅವರ ಜೊತೆ ಹೋದೆ. ಆಮೇಲೆ ಶಹಾಪುರದ ಹತ್ತಿರದ ಶಾಲೆಗೆ ವರ್ಗವಾಯಿತು.

ಹೋದ ತಿಂಗಳು ಅತ್ತೆ ಶೇಂಗಾ ಹೋಳಿಗೆ ಕಟ್ಟಿಕೊಂಡು, ಯಾರನ್ನೂ ಕರೆಯದೆ ಹುಣಸಗಿಯ ಬಸ್ಸು ಹತ್ತಿದರು. ಸಂಜೆ ಬಂದಾಗ ಮೂಗು ಬಿಸಿಲಿಗೆ ಕೆಂಪಾಗಿತ್ತು.

“ಏನಾತ್ರಿ ಅತ್ತಿ?” ಎಂದೆ.

“ಎರಡ ಸರ್ತೆ ಬೆಂಡ ಮುಳಗಿತು. ನಾನೇ ಅವಸರ ಮಾಡಿದೆ” ಎಂದು ಚಪ್ಪಲಿ ಬಿಟ್ಟು, ಸ್ನಾನಕ್ಕೆ ನೀರು ಕಾಯಿಸಲು ಹೇಳಿ ಒಳಗೆ ಹೋದರು.