ಎಲ್ಲರ ಮುಖವೂ ಒದ್ದೆ

ಬೀದಿಯಲ್ಲಿ ಹಾಲಿನವನ ಸೈಕಲ್ಲು ಬಿಟ್ಟರೆ ಇನ್ನೂ ಏನೂ ಅಲುಗಾಡಿಲ್ಲ. ಮಹಡಿಯ ಮೇಲೆ ನಡುವಯಸ್ಸು ದಾಟಿದ ಹೆಂಗಸೊಬ್ಬರು ಆಗಲೇ ತಂತಿಯಿಂದ ಟವೆಲ್ಲುಗಳನ್ನು ತೆಗೆದು ಮಡಿಸುತ್ತಿದ್ದಾರೆ. ಎಲ್ಲವೂ ಚಿಕ್ಕವು, ಎಲ್ಲವೂ ಬಿಳಿ, ಹಿಂದಿನ ಸಂಜೆ ಬಿಸಿನೀರಿನಲ್ಲಿ ಕುದಿಸಿ ಒಗೆದು ಹರವಿದ್ದು. ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡಿ, ತೇವ ಆರದಿದ್ದರೆ ಬೇರೆ ಇಡುತ್ತಾರೆ. ಇವರು ಬ್ಯೂಟಿ ಪಾರ್ಲರಿನಲ್ಲಿ ಕೆಲಸಕ್ಕಿದ್ದಾರೆ ಎಂದೇ ಪಕ್ಕದ ಮನೆಯವರು ಬಹಳ ದಿನ ನಂಬಿದ್ದರಂತೆ. ಮಗಳ ಮದುವೆಗೆ ರಿಯಾಯಿತಿ ಕೊಡಿಸುತ್ತೀರಾ ಎಂದೂ ಕೇಳಿದ್ದರು. "ನಮ್ಮಲ್ಲಿ ಬರೀ ಮುಖ ತೊಳೆಸ್ತೀವಿ ಕಣ್ರೀ, ಅಲಂಕಾರ ಇಲ್ಲ ಅಂದೆ" ಎಂದು ನಗುತ್ತಾರೆ.

ಇವರು ಕೆಲಸ ಮಾಡುವುದು ಆಸ್ಪತ್ರೆಯೊಂದರ ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ, ಆಪ್ತ ಸಮಾಲೋಚಕಿಯಾಗಿ. ಅಷ್ಟುದ್ದದ ಹೆಸರು ಯಾರ ಬಾಯಿಗೂ ಹತ್ತುವುದಿಲ್ಲ, ಬಂದವರಿಗೆಲ್ಲ ಇವರು ಅಕ್ಕ. ದಿನಕ್ಕೆ ಮೂವತ್ತು ನಲವತ್ತು ಜನ ಬರುತ್ತಾರೆ. ಕಾರಿಡಾರಿನ ಕೊನೆಗೆ ಒಂದು ಕೋಣೆ. ಅದರಲ್ಲಿ ಮೇಜು, ಎರಡು ಕುರ್ಚಿ, ಮೂಲೆಯಲ್ಲಿ ಕೈ ತೊಳೆಯುವ ಬೇಸಿನ್ನು. ಬಾಗಿಲಾಚೆ ಉದ್ದನೆಯ ಬೆಂಚು. ಅಲ್ಲಿ ಕೂತವರ ಕೈಯಲ್ಲಿ ಮೊಬೈಲು, ಕಣ್ಣು ಮಾತ್ರ ಬಾಗಿಲ ಮೇಲೆ. ಹೊರಗೆ ಬಂದವರ ಮುಖ ಓದಿ ತಮ್ಮ ಹಣೆಬರಹ ತಿಳಿಯಬಹುದೇನೋ ಎಂದು ಎಲ್ಲರಿಗೂ ಆಸೆ.

ಓದಲು ಅಲ್ಲೇನೂ ಸಿಗುವುದಿಲ್ಲ. ಸೋಂಕಿದೆ ಎಂದು ತಿಳಿದವರಾಗಲಿ, ಇಲ್ಲವೆಂದು ತಿಳಿದವರಾಗಲಿ, ಮುಖ ತೊಳೆದುಕೊಳ್ಳದೆ ಈ ಕೋಣೆಯಿಂದ ಹೊರಡುವಂತಿಲ್ಲ. ಯಾವ ಸುತ್ತೋಲೆಯಲ್ಲೂ ಇಲ್ಲದ ಈ ಕಟ್ಟಳೆ ಅಕ್ಕನದು. ಅತ್ತವರೂ ಒದ್ದೆ ಮುಖದಲ್ಲೇ ಹೋಗುತ್ತಾರೆ, ಅಳದವರೂ ಒದ್ದೆ ಮುಖದಲ್ಲೇ ಹೋಗುತ್ತಾರೆ.

ಈ ಬೆಳಿಗ್ಗೆ ಮೊದಲು ಒಳಗೆ ಹೋದವರು ಸರಕು ವ್ಯಾನಿನ ಡ್ರೈವರು. "ನನ್ನ ಕಥೆ ಬರ್ಕೊಳ್ಳಿ, ಯಾರಿಗಾದ್ರೂ ಬುದ್ಧಿ ಬರಲಿ" ಎಂದು ಆಮೇಲೆ ಅವರೇ ಪತ್ರಿಕೆಯವರಿಗೆ ಹೇಳಿದರು. ದೂರದೂರಿಗೆ ಸರಕು ಒಯ್ದಾಗ ಕಾಂಡೋಮ್ ಇಲ್ಲದೆ ಕಳೆದ ಒಂದು ರಾತ್ರಿ. ಅಲ್ಲಿಂದ ಶುರುವಾದ ಹೆದರಿಕೆ ಬೆನ್ನು ಬಿಡಲಿಲ್ಲ. ಬಾಯಲ್ಲಿ ಹುಣ್ಣಾದರೂ ಅದೇ, ಮೈ ಬೆಚ್ಚಗಾದರೂ ಅದೇ. ಮೊಬೈಲಿನಲ್ಲಿ ಲಕ್ಷಣ ಹುಡುಕಿ ಹುಡುಕಿ ಊಟ ಸೇರದಾಯಿತು. ಊಟವಿಲ್ಲದೆ ತೂಕ ಇಳಿಯಿತು, ಇಳಿದ ತೂಕವನ್ನೂ ಲಕ್ಷಣದ ಲೆಕ್ಕಕ್ಕೇ ಸೇರಿಸಿಕೊಂಡರು. ಬೆನ್ನುನೋವೆಂದು ಹೆಂಡತಿಗೆ ಸುಳ್ಳು ಹೇಳಿ ನೆಲದ ಮೇಲೆ ಮಲಗತೊಡಗಿದರು. ಆಗತಾನೇ ನಡೆಯಲು ಕಲಿತ ಮಗಳು ಕೈ ಚಾಚಿಕೊಂಡು ಬಂದರೆ ಹಿಂದೆ ಸರಿದರು.

"ಮೊದಲ ಸಲ ಬರೋವಾಗ್ಲೇ ತಡ ಆಗಿತ್ತು" ಎನ್ನುತ್ತಾರೆ ಅಕ್ಕ. "ಮೂರು ದಿನದೊಳಗೆ ಬಂದಿದ್ರೆ ಸೋಂಕು ತಡೆಯೋ ಮಾತ್ರೆ ಶುರು ಮಾಡಬಹುದಿತ್ತು. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಅವತ್ತು ಪರೀಕ್ಷೇಲಿ ಇಲ್ಲ ಅಂತಲೇ ಬಂತು. ಆದ್ರೆ ಅಷ್ಟು ಬೇಗ ಮಾಡಿದ್ದನ್ನ ಪೂರ್ತಿ ನಂಬೋ ಹಾಗಿಲ್ಲ. ಮೂರು ತಿಂಗಳು ಆದ್ಮೇಲೆ ಇನ್ನೊಂದ್ಸಲ ಬನ್ನಿ, ಅಲ್ಲೀವರೆಗೆ ಹೆಂಡತಿ ವಿಷಯದಲ್ಲಿ ಜೋಪಾನ, ಮಗೂನ ಮಾತ್ರ ಧಾರಾಳವಾಗಿ ಎತ್ಕೊಳ್ಳಿ ಅಂದೆ. ಎತ್ಕೊಂಡ್ರೆ, ಮುದ್ದು ಮಾಡಿದ್ರೆ ಬರೋ ಕಾಯಿಲೆ ಅಲ್ಲ ಇದು. ತಲೆ ಆಡಿಸಿದ್ರು. ಎತ್ಕೊಳ್ಳಲಿಲ್ಲ."

ಮೂರು ತಿಂಗಳು ಕಳೆದು ಇವತ್ತು ಮಾಡಿದ ಪರೀಕ್ಷೆಯಲ್ಲೂ ಸೋಂಕಿಲ್ಲ. ಕೇಳಿದ್ದೇ ತಡ, ಡ್ರೈವರು ಎದ್ದು ಬಾಗಿಲಿಗೆ ಧಾವಿಸಿದರು. ಅಕ್ಕ ಅಡ್ಡ ನಿಂತು ಟವೆಲ್ಲು ಚಾಚಿದರು.

"ನಾನು ಅತ್ತೇ ಇಲ್ವಲ್ಲಕ್ಕಾ!"

"ನೀವು ಅಳಲಿಲ್ಲಪ್ಪಾ. ಹೊರಗೆ ಕೂತಿರೋರಲ್ಲಿ ಯಾರಿಗೆ ಅಳೋದಿದೆಯೋ? ನೀವು ಹಲ್ಲು ಬಿಟ್ಕೊಂಡು ಹೋದ್ರೆ, ಆಮೇಲೆ ಬರೋ ಸಪ್ಪೆ ಮುಖ ಎಲ್ರಿಗೂ ಅರ್ಥ ಆಗ್ಬಿಡುತ್ತೆ. ತೊಳ್ಕೊಳ್ಳಿ."

ಬೇಸಿನ್ನಿಗೆ ಬಗ್ಗಿ ಮುಖಕ್ಕೆ ನೀರೆರಚಿಕೊಂಡಾಗಲೇ ಅವರಿಗೆ ಅಳು ಬಂದದ್ದು. ನಲ್ಲಿ ಬಿಟ್ಟುಕೊಂಡೇ ಅತ್ತರು. ಮಗಳನ್ನು ಎತ್ತಿಕೊಳ್ಳಬೇಕು ಎಂಬುದೊಂದೇ ಮಾತು. ಅಕ್ಕ ಅವಸರ ಮಾಡಲಿಲ್ಲ. ಡ್ರೈವರು ಹೊರಬಂದಾಗ ಬೆಂಚಿನ ತುದಿಯಲ್ಲಿದ್ದ ಹೆಂಗಸೊಬ್ಬರು ಅವರ ಮುಖವನ್ನೇ ದಿಟ್ಟಿಸಿದರು. ಏನೂ ತಿಳಿಯದೆ ತಮ್ಮ ಚೀಲ ಅವುಚಿಕೊಂಡು ಒಳಗೆ ಹೋದರು.

ಈ ಕಟ್ಟಳೆಯ ಹಿಂದೆ ಅಕ್ಕನ ಒಡಹುಟ್ಟಿದ ತಂಗಿ ಇದ್ದಾಳೆ. ವರ್ಷಗಳ ಹಿಂದೆ, ಅಕ್ಕ ಇನ್ನೂ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ, ಆಕೆ ಇಂಥದೇ ಕೋಣೆಯಿಂದ ಅತ್ತು ಕೆಂಪಾದ ಮುಖದಲ್ಲಿ ಹೊರಬಂದಳು. ಬೆಂಚಿನ ಮೇಲೆ ಅವಳ ಬೀದಿಯವರೇ ಒಬ್ಬರಿದ್ದರು. ಸಂಜೆಯ ಹೊತ್ತಿಗೆ ಸುದ್ದಿ ಬಾಯಿಂದ ಬಾಯಿಗೆ ಹಬ್ಬಿತು. ಬೀದಿ ನಲ್ಲಿಯ ಸಾಲಿನಲ್ಲಿದ್ದ ಅವಳ ಬಕೆಟ್ಟನ್ನು ಯಾರೋ ಕಾಲಿನಿಂದ ಆಚೆ ತಳ್ಳಿದರು. ಆಮೇಲೆ ಅವಳು ಆ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಮಾತ್ರೆ ಅಲ್ಲಿ ಪುಕ್ಕಟೆ ಸಿಗುತ್ತಿತ್ತು.

"ದಿನಾ ತಗೊಂಡಿದ್ರೆ ಇವತ್ತಿಗೂ ಇರ್ತಿದ್ಲು. ನನ್ನ ಹಾಗೇ ಕೂದ್ಲು ಬೆಳ್ಳಗಾಗಿ, ನನ್ನ ಜೊತೇಲೇ ಜಗಳ ಆಡ್ಕೊಂಡು..." ಅಕ್ಕ ಕೈಯಲ್ಲಿದ್ದ ಟವೆಲ್ಲನ್ನು ಬಿಚ್ಚಿ ಮತ್ತೆ ಮಡಿಸುತ್ತಾರೆ. "ಕಾಯಿಲೆಗೆ ಔಷಧಿ ಇತ್ತು. ಜನರ ಕಣ್ಣಿಗೆ ಇರಲಿಲ್ಲ."

ಹೊಸದರಲ್ಲಿ ವೈದ್ಯರೊಬ್ಬರು, ಇದೇನು ಕ್ಷೌರದಂಗಡಿಯೇ ಎಂದು ಗೇಲಿ ಮಾಡಿದ್ದರು. ಸೋಂಕು ಗೊತ್ತಾದವರು ಈ ಕೋಣೆಯಿಂದ ಓಡಿಹೋಗದೆ ತಿಂಗಳು ತಿಂಗಳೂ ಮಾತ್ರೆಗೆ ಬರುವುದನ್ನು ಕಂಡು ಈಗ ಸುಮ್ಮನಾಗಿದ್ದಾರೆ. ತಮ್ಮ ಹೊಲಿಗೆ ಅಂಗಡಿಯಲ್ಲಿ ಮಿಕ್ಕ ಬಿಳಿ ಬಟ್ಟೆಯ ತುಂಡುಗಳಿಗೆ ಅಂಚು ಹೊಲಿದು ಟವೆಲ್ಲು ಮಾಡಿಕೊಡುವವರು ದರ್ಜಿಯಾದ ಅಕ್ಕನ ಗಂಡ. ನಲ್ಲಿ ಕೈಕೊಟ್ಟ ದಿನ ಅಕ್ಕನೇ ಕೆಳಮಹಡಿಯಿಂದ ಬಕೆಟ್ಟು ಹೊತ್ತು ಮೆಟ್ಟಿಲು ಹತ್ತುತ್ತಾರೆ. ಮೊಣಕಾಲು ನೋಯುವುದಿಲ್ಲವೇ ಎಂದರೆ, "ನೋಯುತ್ತೆ. ಅದಕ್ಕೂ ಕೆಲಸ ಬೇಕಲ್ಲ" ಎನ್ನುತ್ತಾರೆ.

ಚೀಲ ಅವುಚಿಕೊಂಡು ಹೋಗಿದ್ದ ಹೆಂಗಸು ಹೊರಬಂದಾಗ ಅವರ ಮುಖವೂ ಒದ್ದೆ, ಮುಂಗೂದಲೂ ಒದ್ದೆ. ಅವರಿಗೆ ಏನು ಬಂತೆಂದು ಅಕ್ಕ ಹೇಳಲಿಲ್ಲ. ಬೆಂಚಿಗೂ ತಿಳಿಯಲಿಲ್ಲ.

ಮಧ್ಯಾಹ್ನ ಕೋಣೆ ಖಾಲಿಯಾದ ಹೊತ್ತಿನಲ್ಲಿ, ಸರ್ಕಾರದಿಂದ ಏನಾದರೂ ಬೇಕೇ ಎಂದು ಕೇಳಿದರೆ ಅಕ್ಕನ ಬೇಡಿಕೆ ಒಂದೇ: "ಬೇಸಿಗೇಲಿ ಈ ನಲ್ಲಿ ನಿಲ್ಲದಿದ್ರೆ ಸಾಕು."

ಮಾತು ಮುಗಿಸಿ ಪತ್ರಿಕೆಯವರು ಎದ್ದರೆ ಅವರ ಮುಂದೆಯೂ ಒಂದು ಬಿಳಿ ಟವೆಲ್ಲು ಬಂತು. ತಾವು ಪರೀಕ್ಷೆಗೆ ಬಂದವರಲ್ಲ, ಬರೆಯಲು ಬಂದವರು ಎಂದು ನೆನಪಿಸಿದರು.

"ಅದು ನನಗೆ ಗೊತ್ತು. ಬೆಂಚಿನ ಮೇಲೆ ಆಗ್ಲೇ ಇಬ್ಬರು ಬಂದು ಕೂತಿದ್ದಾರೆ, ಅವರಿಗೆ ಗೊತ್ತಿಲ್ಲ" ಎಂದು ಅಕ್ಕ ನಲ್ಲಿ ತಿರುಗಿಸಿದರು. "ಒಬ್ಬರು ಒಣಮುಖದಲ್ಲಿ ಹೋದ್ರೂ, ಆಮೇಲೆ ಒದ್ದೆ ಮುಖದಲ್ಲಿ ಹೋಗೋರೆಲ್ಲ ಸಿಕ್ಕಿಬೀಳ್ತಾರೆ."