ಅಪ್ಪನ ಅಂಗೈ, ನನ್ನ ಕನ್ನಡಿ

ನಾನು ಮಾಡುವುದು ಕನ್ನಡಿ. ಮುಖ ನೋಡಿಕೊಳ್ಳುವುದಲ್ಲ, ಆಕಾಶದಿಂದ ಬರುವ ಪ್ರಬಲ ಕ್ಷ-ಕಿರಣಗಳನ್ನು ಹಿಡಿಯುವ ದೂರದರ್ಶಕದ್ದು. ಸಾಮಾನ್ಯ ಕನ್ನಡಿಯನ್ನು ಈ ಕಿರಣಗಳು ಲೆಕ್ಕಕ್ಕೇ ಇಡದೆ ಒಳಹೊಕ್ಕುಬಿಡುತ್ತವೆ. ಅದಕ್ಕೇ ಗಾಜಿನ ಮೇಲೆ ಒಂದು ಪದರ ಟಂಗ್‌ಸ್ಟನ್, ಒಂದು ಪದರ ಸಿಲಿಕಾನ್ ಎಂದು ನೂರಾರು ಪದರ ಕೂರಿಸುತ್ತೇವೆ. ಒಂದೊಂದೂ ಕೆಲವೇ ಪರಮಾಣುಗಳಷ್ಟು ದಪ್ಪ. ಅದು ಕೊಂಚ ತಪ್ಪಿದರೂ ಇಡೀ ಕೆಲಸ ನೀರುಪಾಲು.

ಆ ಸಲ ತಪ್ಪಿತ್ತು, ಅದೂ ನನ್ನಿಂದಲೇ. ಮೇಲುಮೇಲಿನ ಪದರಗಳು ಇರಬೇಕಾದ್ದಕ್ಕಿಂತ ದಪ್ಪವಾಗುತ್ತ ಹೋಗಿದ್ದವು. ಗೊತ್ತಿದ್ದೂ ಬಾಯಿ ಬಿಡದೆ, ಕನ್ನಡಿಯನ್ನು ಡಬ್ಬಿಯಲ್ಲಿಟ್ಟುಕೊಂಡು ಪರೀಕ್ಷೆ ಮಾಡಿಸಲು ರೈಲು ಹತ್ತಿದೆ. ಪಾಸಾಗದಿದ್ದರೆ ನನ್ನನ್ನು ಆ ಕೆಲಸದಿಂದ ತೆಗೆಯುವುದು ಖಾತ್ರಿಯಿತ್ತು. ದಾರಿಯಲ್ಲಿ ವಾಡಿ ಜಂಕ್ಷನ್ನಿನಲ್ಲಿಳಿದು, ಒಂದೂಟಕ್ಕೆಂದು ಹತ್ತಿರದ ಶಹಾಬಾದಿನ ನಮ್ಮ ಮನೆಗೆ ಹೋದೆ.

ಅಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಹಿರಿಯ ಕೆಲಸಗಾರ. ಅಪ್ಪ ಅಂಗೈ ಸವರಿ ಹ್ಞೂಂ ಎನ್ನದೆ ಅಲ್ಲಿ ಯಾವ ಕಲ್ಲೂ ಲಾರಿ ಹತ್ತುತ್ತಿರಲಿಲ್ಲ. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಡಬ್ಬಿ ತೆರೆದು, ಕಣ್ಣು ಮುಚ್ಚಿ, ಕನ್ನಡಿಯ ಮೇಲೂ ಅಂಗೈ ಸವರುತ್ತಿದ್ದ.

"ಭಾಳ ಚಲೋ ಮಾಡೀದಿ ಮಗಾ. ಎಲ್ಲೂ ತರಿ ಕೈಗಿ ಹತ್ತಂಗಿಲ್ಲ."

"ಯಾರು ಮುಟ್ಟಂದ್ರು ನಿನಗ? ಎಲ್ಲಾ ಹಾಳ ಮಾಡ್ದಿ!" ಎಂದು ಕೂಗಾಡಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಕೂಗಾಡುತ್ತಿರುವಾಗಲೇ ಒಳಗೊಳಗೆ ಹಾಯೆನಿಸಿತು. ನನಗೊಂದು ನೆಪ ಸಿಕ್ಕಿತ್ತು. ಇಂಥ ಮಗ ನಾನು.

ಕನ್ನಡಿ ಫೇಲಾಯಿತು. ಅಂಗೈ ತಾಗಿದರೆ ಮೇಲೆ ಬೆವರಿನ ಕಲೆ ಉಳಿದೀತೇ ಹೊರತು ಒಳಗಿನ ಪದರಗಳ ದಪ್ಪ ಬದಲಾಗದು. ಇದು ನನಗೂ ಗೊತ್ತು, ನಮ್ಮ ಮುಖ್ಯಸ್ಥರಿಗೂ ಗೊತ್ತು. ಆದರೂ ಮನೆಯವರ ಕೈ ತಾಗಿ ಕೆಟ್ಟಿತೆಂದು ನಾನು ಬರೆದುಕೊಟ್ಟೆ, ತಮ್ಮ ಮೇಲೂ ತಪ್ಪು ಬರಬಾರದೆಂದು ಅವರು ಸಹಿ ಹಾಕಿದರು. ಮನೆಗೆ ಒಯ್ದಿದ್ದಕ್ಕೆ ಬೈಸಿಕೊಂಡೆ, ಕೆಲಸ ಉಳಿಯಿತು. ಅಪ್ಪ ಫೋನಿನಲ್ಲಿ ಕೇಳಿದಾಗಲೂ ಅದನ್ನೇ ಹೇಳಿದೆ.

ಮೊನ್ನೆ ಊರಿಗೆ ಹೋದವನು, ನಿಜ ಹೇಳಿಬಿಡಬೇಕೆಂದು ನೇರ ಕಾರ್ಖಾನೆಗೇ ನಡೆದೆ. ಸೇಡಂಗೆ ಹೋಗುವ ಲಾರಿ ನಿಂತಿತ್ತು. ಮಾಲೀಕರು ಅಪ್ಪನಿಗೆ, "ಕಾಕಾ, ಜರಾ ಕೈ ಆಡಿಸಿ ನೋಡ್ರಿ," ಎಂದರು. ಅಪ್ಪ ಎರಡೂ ಕೈ ಹಿಂದೆ ಕಟ್ಟಿಕೊಂಡ.

"ಬ್ಯಾಡ್ರಿ, ಬ್ಯಾರೇರಿಗಿ ಹೇಳ್ರಿ. ನನ್ನ ಕೈ ತಾಗಿದ್ರ ಮಾಲ್ ಕೆಡ್ತದ. ಬೇಕಾದ್ರ ಕೇಳ್ರಿ, ನನ್ನ ಮಗ ಇಲ್ಲೇ ನಿಂತಾನ."

ಮಾಲೀಕರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.