ಮೈಲಾಪೂರಿನಲ್ಲಿ ಬೆಳಗಿನ ತಿಂಡಿಗೆ ಎಲ್ಲಿ ಹೋಗಬೇಕು

ಮೈಲಾಪೂರಿಗೆ ಹೋಗುವವರು ತಿಂಡಿಗೆ ಎಲ್ಲಿ ಒಳ್ಳೆಯದೆಂದು ಈಗಲೂ ನನ್ನನ್ನೇ ಕೇಳುತ್ತಾರೆ. ಇದೇ ಚೆನ್ನೈಯ ಪುರಸೈವಾಕ್ಕಂನಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟು, ಅರ್ಧ ಊರಿನ ಹೋಟೆಲುಗಳಿಗೆ ಲೋಟ, ತಟ್ಟೆ ಮಾರಿದವನು ನಾನು. ತೆಳು ಲೋಟವೇ ಸಾಕೆಂದು ಜಗ್ಗಾಡುವ ಹೋಟೆಲಿನವನು ಕಾಫಿಯನ್ನೂ ತೆಳುವಾಗಿಯೇ ಕೊಡುತ್ತಾನೆ, ಅಲ್ಲಿಗೆ ಹೋಗಬೇಡಿ. ಕೈ ತೊಳೆಯುವ ಜಾಗವನ್ನು ಮೊದಲು ನೋಡಿ, ಆಮೇಲೆ ಕುಳಿತುಕೊಳ್ಳಿ. ದೇವಸ್ಥಾನದ ಎದುರಿನ ದೊಡ್ಡ ಬೋರ್ಡುಗಳಿಗೆ ಮರುಳಾಗದೆ ಹಿಂದಿನ ಓಣಿಗೆ ನಡೆಯಿರಿ. ಅಲ್ಲಿ ನಮ್ಮ ಉಡುಪಿ ಕಡೆಯವರ ಸಣ್ಣ ಹೋಟೆಲೊಂದಿದೆ.

ಅದನ್ನು ಹುಡುಕಿದ್ದು ನಾನಲ್ಲ, ನನ್ನ ಹೆಂಡತಿ. ತೊಂಬತ್ತರ ದಶಕದ ಕೊನೆಯಲ್ಲಿ ಭಾನುವಾರ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿ ಹೋಗಿ ಕೂರುತ್ತಿದ್ದೆವು. ಅಡುಗೆಯ ಭಟ್ಟರು ಬಹಳ ಮಡಿಯವರು; ದೇವರಿಗೆ ಮೀಸಲಿಡುವ ಅಡುಗೆಯೆಂದು ಏನನ್ನೂ ಬಾಯಿಗೆ ಹಾಕಿ ನೋಡುತ್ತಿರಲಿಲ್ಲ. ಉಪ್ಪೆಲ್ಲ ಕೈಯಂದಾಜು. ಹಾಗಾಗಿ ಆ ದಿನದ ಸಾಂಬಾರಿನ ರುಚಿ ಮೊದಲು ಗೊತ್ತಾಗುತ್ತಿದ್ದದ್ದು ಮೊದಲ ಗಿರಾಕಿಗೆ. ಭಾನುವಾರ ಆ ಗಿರಾಕಿ ನನ್ನ ಹೆಂಡತಿ. ಕುಂದಾಪುರದ ಸಪ್ಲೈಯರ್ ತಟ್ಟೆ ಇಟ್ಟು ಅಲ್ಲೇ ನಿಲ್ಲುತ್ತಿದ್ದ.

“ಹೇಗುಂಟು ಅಕ್ಕ?”

“ಉಪ್ಪು ಒಂದು ಕಲ್ಲು ಜಾಸ್ತಿ. ಭಟ್ರು ಊರಿಗೆ ಹೋಗುವ ಖುಷಿಯಲ್ಲಿದ್ದಾರಾ ಎಂತ?”

ಅವನು ನಗುತ್ತ ಒಳಗೆ ಹೋಗಿ ಹೇಳುತ್ತಿದ್ದ, ಭಟ್ಟರು ಗೊಣಗುತ್ತ ಸರಿಮಾಡುತ್ತಿದ್ದರು. ತಪ್ಪು ಹಿಡಿಯದೆ ಅವಳು ಯಾವತ್ತೂ ಎದ್ದವಳಲ್ಲ.

ಆಮೇಲೆ ಅವಳ ಬಾಯೊಳಗೆ ಗಡ್ಡೆಯಾಯಿತು. ಆಸ್ಪತ್ರೆಯಲ್ಲಿ ಕರೆಂಟು ಕೊಟ್ಟರು, ಅದೇ ರೇಡಿಯೇಶನ್. ಗಡ್ಡೆ ಕರಗಿತು, ನಾಲಿಗೆಯ ರುಚಿಯೂ ಹೋಯಿತು. ಕೆಲವು ತಿಂಗಳಲ್ಲಿ ಮರಳುತ್ತದೆ ಎಂದರು ಡಾಕ್ಟರು. ಹೇಳಿದ ದಿನಕ್ಕೆ ಮಾಲು ಬಂದದ್ದನ್ನು ನಾನೆಂದೂ ಕಂಡವನಲ್ಲ. ಎರಡರಷ್ಟು ಸಮಯವೆಂದು ಹಿಡಿದು ಕಾದೆ. ಅದೂ ಕಳೆಯಿತು. ಅನ್ನ ಮಣ್ಣಿನ ಹಾಗಿದೆ ಎಂದು ತಟ್ಟೆ ಸರಿಸುತ್ತಿದ್ದಳು. ಬಳೆ ಮೊಣಕೈಯವರೆಗೆ ಜಾರುತ್ತಿತ್ತು. ರುಚಿ ಹುಟ್ಟಿದರೆ ಉಣ್ಣುತ್ತಾಳೆ, ಉಂಡರೆ ಉಳಿಯುತ್ತಾಳೆ. ನನ್ನ ಬುದ್ಧಿಗೆ ಎಟುಕಿದ್ದು ಅಷ್ಟೇ.

ಒಂದು ಭಾನುವಾರ ಅವಳೇ ಸೀರೆ ಉಟ್ಟು ನಿಂತಿದ್ದಳು. “ಮೈಲಾಪೂರಿಗೆ ಹೋಗುವಾ. ಮೊನ್ನೆಯಿಂದ ನಾಲಿಗೆಗೆ ಸ್ವಲ್ಪ ಗೊತ್ತಾಗ್ತಾ ಉಂಟು.”

ಆಟೋದವನು ಹೇಳಿದ ರೇಟಿಗೆ ನಾನು ಜಗಳವಾಡದೆ ಹತ್ತಿದ ದಿನ ಅದೊಂದೇ.

ಸಪ್ಲೈಯರ್ ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿ ತಂದಿಟ್ಟು ಕಾದು ನಿಂತ. ಅವಳು ಒಂದು ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿದಳು.

“ಉಪ್ಪು ಒಂದು ಕಲ್ಲು ಜಾಸ್ತಿ.”

ನನಗೆ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ನಾನೂ ಒಂದು ತುತ್ತು ತಿಂದೆ. ಸಾಂಬಾರಿಗೆ ಉಪ್ಪೇ ಬಿದ್ದಿರಲಿಲ್ಲ. ಭಟ್ಟರು ಹಾಕುವುದನ್ನೇ ಮರೆತಿದ್ದರು.

ಸಪ್ಲೈಯರ್ ನನ್ನ ಮುಖ ನೋಡಿದ.

“ಹೌದು, ಜಾಸ್ತಿಯೇ,” ಎಂದೆ.

ಅವನು ಒಳಗೆ ಹೋಗುವಷ್ಟರಲ್ಲಿ ಹಿಂದಿನ ಮೇಜಿನಿಂದ ಯಾರೋ ತಮಿಳಿನಲ್ಲಿ ಕೂಗಿದರು: “ಸಾಂಬಾರ್‌ಲ ಉಪ್ಪೇ ಇಲ್ಲಪ್ಪಾ.”

ಅವಳ ಕೈ ತಟ್ಟೆಯ ಮೇಲೆ ನಿಂತಿತು.

“ನಿಮಗೆ ಗೊತ್ತಾಗಿತ್ತಲ್ಲ?”

ನಾನು ಲೋಟ ಎತ್ತಿ ನೀರು ಕುಡಿದೆ.

“ಮತ್ತೆ ಜಾಸ್ತಿ ಅಂತ ಯಾಕೆ ಹೇಳಿದ್ದು?”

“ನೀನು ಹೇಳಿದಿಯಲ್ಲ ಮಾರಾಯ್ತಿ.”

“ಅಂಗಡಿಯಲ್ಲಿ ಹೀಗೆ ಹೇಳಿದ್ದಕ್ಕೆಲ್ಲ ತಲೆ ಆಡಿಸಿದ್ರೆ ನಾವು ಯಾವತ್ತೋ ಬೀದಿಗೆ ಬರ್ತಿದ್ದೆವು.” ಆಮೇಲೆ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಮೆಲ್ಲಗೆ ಹೇಳಿದಳು. “ನೀವು ಕಾಯ್ತಾ ಕೂತದ್ದು ನೋಡ್ಲಿಕ್ಕೆ ಆಗ್ಲಿಲ್ಲ. ಅದಕ್ಕೆ ಹೇಳಿದ್ದು.”

ಆ ಇಡ್ಲಿಯನ್ನು ಅವಳು ಪೂರ್ತಿ ತಿಂದಳು. ನನಗಾಗಿ ತಿಂದಳು. ಮತ್ತೆ ನಾವು ಅಲ್ಲಿಗೆ ಹೋಗಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಇರಲಿಲ್ಲ.

ತಿಂಡಿಗೆ ಆ ಓಣಿಯ ಹೋಟೆಲಿಗೇ ಹೋಗಿ. ಇಡ್ಲಿ ಈಗಲೂ ಮೃದು, ಲೋಟ ದಪ್ಪ. ಆದರೆ ಬಾಗಿಲು ತೆಗೆದ ಕೂಡಲೇ ಹೋಗಬೇಡಿ, ಒಂದು ಪಂಕ್ತಿ ಎದ್ದ ಮೇಲೆ ಹೋಗಿ. ಭಟ್ಟರು ಈಗಲೂ ರುಚಿ ನೋಡುವುದಿಲ್ಲ. ಉಪ್ಪು ನೋಡಿ ಹೇಳುವವಳು ಈಗ ಅಲ್ಲಿಲ್ಲ.